ಪ್ಲಗಿನ್ ಫೈಲ್ ಕಾಪಿ ಮಾಡಿದರೆ ಸಾಲದೇ?

ಪ್ರಶ್ನೆ: ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ, ಸರ್. ಒಂದು ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯಲು ಬಳಸುವ ಎಕ್ಲಿಪ್ಸ್ ತಂತ್ರಾಂಶಕ್ಕೆ ಒಂದು ಪ್ಲಗಿನ್ (ಹೆಚ್ಚುವರಿ ಸೌಲಭ್ಯ) ಹಾಕಿದೆ. ಜಾವಾ ಕೋಡಿನ ಕಟ್ಟುಗಳಾದ ಅದರ ಜಾರ್ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಉಳಿದವುಗಳ ಪ್ಲಗಿನ್ಸ್ ಫೋಲ್ಡರಿಗೆ ಹಾಕಿದೆ. ಅಲ್ಲಿ ಏನೂ ಕಾಣುವುದಿಲ್ಲ. ಮೊದಲೆಲ್ಲ ಹೀಗೆ ನಡೆಯುತ್ತಿತ್ತು, ಅಲ್ವಾ?

ಉತ್ತರ: ನಡೆಯುತ್ತಿತ್ತು, ನಿಜ. 2008ರಲ್ಲಿ ಎಕ್ಲಿಪ್ಸ್ 3.4ರ ಜೊತೆ ಪಿ2 ಬಂತು, ಪ್ಲಗಿನ್ನುಗಳನ್ನು ಇನ್‌ಸ್ಟಾಲ್ ಮಾಡುವ, ಅಪ್‌ಡೇಟ್ ಮಾಡುವ ವ್ಯವಸ್ಥೆ. ಹಳೆಯ ಅಪ್‌ಡೇಟ್ ಮ್ಯಾನೇಜರ್‌ನ ಕೆಲಸ ಅದರ ಕೈಗೆ ಹೋಯಿತು. ಅಲ್ಲಿಂದಾಚೆ ಫೈಲ್ ಇರುವುದೇ ಬೇರೆ, ಇನ್‌ಸ್ಟಾಲ್ ಆಗಿರುವುದೇ ಬೇರೆ. ನೀವು ಗದ್ದೆಗಿಳಿದು ಕಬ್ಬು ನೆಟ್ಟಿದ್ದೀರಿ, ಪಹಣಿಯಲ್ಲಿ ಮಾತ್ರ ನಿಮ್ಮ ಹೆಸರಿಲ್ಲ!

ಪಿ2ದಲ್ಲಿ ಆ ಪಹಣಿಯ ಹೆಸರು ಪ್ರೊಫೈಲ್. ಈ ಎಕ್ಲಿಪ್ಸ್‌ನಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಎಂಬುದು ಅದರಲ್ಲಿರುತ್ತದೆ. ಪ್ರತಿ ಬದಲಾವಣೆಗೂ ಹೊಸ ಪ್ರತಿ ಬರೆಯುತ್ತದೆ, ಹಾಗಾಗಿ ಹಿಂದಿನ ಸ್ಥಿತಿಗೆ ಮರಳಲೂಬಹುದು. ಎಕ್ಲಿಪ್ಸ್ ಶುರುವಾಗುವಾಗ ಯಾವ ಬಂಡಲ್ (ಅಂದರೆ ಪ್ಲಗಿನ್) ಎತ್ತಿಕೊಳ್ಳಬೇಕು ಎಂದು ನೋಡುವುದು ಬಂಡಲ್ಸ್.ಇನ್ಫೋ ಎಂಬ ಪಟ್ಟಿಯನ್ನು. ನಿಮ್ಮ ಜಾರ್ ಎರಡರಲ್ಲೂ ಇಲ್ಲ.

ಪ್ರೊಫೈಲ್‌ನಲ್ಲಿ ಇರುವುದು ಜಾರ್ ಫೈಲಲ್ಲ, ಇನ್‌ಸ್ಟಾಲಬಲ್ ಯೂನಿಟ್. ಇದೊಂದು ವಿವರಣೆ ಮಾತ್ರ: ಐಡಿ, ವರ್ಷನ್, ತನಗೆ ಏನು ಬೇಕು, ತಾನು ಏನು ಕೊಡುತ್ತೇನೆ. ನಿಜವಾದ ಫೈಲು, ಅಂದರೆ ಆರ್ಟಿಫ್ಯಾಕ್ಟ್, ಬೇರೆ ಕಡೆ ಇರುತ್ತದೆ. ಪ್ಲಗಿನ್ನುಗಳನ್ನು ಇಳಿಸಿಕೊಳ್ಳುವ ಉಗ್ರಾಣವಾದ ರೆಪಾಸಿಟರಿಯಲ್ಲೂ ಮೆಟಾಡೇಟಾ (ಈ ವಿವರಣೆಗಳು) ಒಂದು, ಆರ್ಟಿಫ್ಯಾಕ್ಟ್ ಇನ್ನೊಂದು. ನನ್ನ ಪ್ರಕಾರ ಪಿ2ದ ಜಾಣತನವೆಲ್ಲ ಇಲ್ಲೇ ಇದೆ. ದೊಡ್ಡ ಫೈಲ್ ಒಂದನ್ನೂ ಇಳಿಸಿಕೊಳ್ಳದೆ, ಬರೀ ವಿವರಣೆ ಓದಿಯೇ ಇದು ಕೂರುತ್ತದೋ ಇಲ್ಲವೋ ಎಂದು ಮೊದಲೇ ಲೆಕ್ಕ ಹಾಕಬಹುದು.

‘ಬೇಕು’ ಎನ್ನುವುದನ್ನೂ ಇಂಥದ್ದೇ ಯೂನಿಟ್ ಎಂದು ಕಟ್ಟಿಹಾಕಬೇಕಿಲ್ಲ. ಇಂಥ ಜಾವಾ ಪ್ಯಾಕೇಜ್, 1.0ದಿಂದ 2.0ರ ಒಳಗಿನದು ಬೇಕು ಎಂದರೆ ಸಾಕು, ಯಾರು ಕೊಟ್ಟರೂ ಸರಿ. ಅನುಕೂಲವೇನೋ ಹೌದು, ಲೆಕ್ಕ ಮಾತ್ರ ಕಗ್ಗಂಟು. ಅದನ್ನು ಬಿಡಿಸಲು ಪಿ2ದ ಪ್ಲಾನರ್ ಎಂಬ ಭಾಗ ಸ್ಯಾಟ್4ಜೆ ಎಂಬ ಸಾಲ್ವರನ್ನು, ಅಂದರೆ ಇಂಥ ಷರತ್ತುಗಳ ಲೆಕ್ಕ ಬಿಡಿಸುವ ಪ್ರೋಗ್ರಾಮನ್ನು, ಬಳಸುತ್ತದೆ. ಲೆಕ್ಕ ಕೂಡಿಬಂದ ಮೇಲಷ್ಟೇ ಎಂಜಿನ್ ಎಂಬ ಇನ್ನೊಂದು ಭಾಗ ಫೈಲ್ ತರಿಸಿ, ಇನ್‌ಸ್ಟಾಲ್ ಮಾಡಿ, ಪ್ರೊಫೈಲ್ ತಿದ್ದುತ್ತದೆ. ನೀವು ಪೆನ್‌ಡ್ರೈವ್ ಹಿಡಿದಾಗ ಇವೆಲ್ಲವನ್ನೂ ದಾಟಿ ಹೋದಿರಿ.

ಡ್ರಾಪಿನ್ಸ್ ಫೋಲ್ಡರ್ ಎಂಬ ಅಡ್ಡದಾರಿ ಇದೆ, ಅಲ್ಲಿ ಜಾರ್ ಹಾಕಿದರೆ ಪಿ2 ತಾನೇ ಎತ್ತಿಕೊಳ್ಳಲು ನೋಡುತ್ತದೆ. ಅದನ್ನು ಬಳಸಿ ಎಂದು ನಾನಂತೂ ಹೇಳುವುದಿಲ್ಲ. ಬೇಕಾದ್ದೊಂದು ಸಿಗದಿದ್ದರೆ ಕಾರಣವನ್ನೂ ಹೇಳದೆ ಸುಮ್ನೆ ಕೂತುಬಿಡುತ್ತದೆ.

ಹಾಗಾದರೆ ಲ್ಯಾಬಿನಲ್ಲಿ ಏನು ಮಾಡಬೇಕು? ಪ್ಲಗಿನ್ನಿನ ರೆಪಾಸಿಟರಿಯನ್ನು ಲ್ಯಾಬಿನ ಸರ್ವರಿಗೆ ಮಿರರ್ ಮಾಡಿಕೊಳ್ಳಿ, ಅಂದರೆ ಇದ್ದ ಹಾಗೇ ನಕಲಿಸಿಕೊಳ್ಳಿ, ಮೆಟಾಡೇಟಾ ಮತ್ತು ಆರ್ಟಿಫ್ಯಾಕ್ಟ್ ಎರಡನ್ನೂ. ಆಮೇಲೆ ಪ್ರತಿ ಕಂಪ್ಯೂಟರಿನಲ್ಲೂ ಪಿ2 ಡೈರೆಕ್ಟರನ್ನು, ಅಂದರೆ ಇನ್‌ಸ್ಟಾಲ್ ಮಾಡಿಸುವ ಪ್ರೋಗ್ರಾಮನ್ನು, ಕಮಾಂಡ್ ಲೈನಿನಿಂದ ಓಡಿಸಿ. ರೆಪಾಸಿಟರಿಯ ವಿಳಾಸ, ಯೂನಿಟ್ಟಿನ ಐಡಿ ಕೊಟ್ಟರೆ ಸಾಕು. ಫೀಚರ್ (ಪ್ಲಗಿನ್ನುಗಳ ಗುಂಪು) ಆದರೆ ಐಡಿಯ ಕೊನೆಗೆ ‘.ಫೀಚರ್.ಗ್ರೂಪ್’ ಸೇರಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಇಡೀ ಎಕ್ಲಿಪ್ಸ್ ಫೋಲ್ಡರನ್ನೇ ಕಾಪಿ ಮಾಡಬಹುದೇ ಎಂದು ಮುಂದೆ ಕೇಳುತ್ತೀರಿ. ಜಿಪ್ ಬಿಚ್ಚಿ ಹಾಕಿಕೊಂಡದ್ದಾದರೆ, ಆಪರೇಟಿಂಗ್ ಸಿಸ್ಟಮ್ ಒಂದೇ ಆಗಿದ್ದರೆ, ಸಾಮಾನ್ಯವಾಗಿ ನಡೆಯುತ್ತದೆ. ಎಕ್ಲಿಪ್ಸ್ ಇನ್‌ಸ್ಟಾಲರ್‌ನಿಂದ ಹಾಕಿದ್ದರೆ ಕಷ್ಟ. ಅದು ಸಾಮಾನ್ಯವಾಗಿ ಜಾರ್‌ಗಳನ್ನು ಬಳಕೆದಾರರ ಹೋಮ್ ಫೋಲ್ಡರಿನ ‘.ಪಿ2’ ಒಳಗಿನ ಪೂಲ್ ಎಂಬ ಹಂಚಿಕೆಯ ಫೋಲ್ಡರಿನಲ್ಲಿ ಇಡುತ್ತದೆ. ನೀವು ಒಯ್ಯುವ ಫೋಲ್ಡರಿನಲ್ಲಿ ಅವು ಇರುವುದೇ ಇಲ್ಲ.