ರೋಬೋ ಕೈಗೆ ಕೊಡುವ ಮುನ್ನ: ಪ್ರೋಟೀನ್ ಹರಳುಗಟ್ಟಿಸುವ ಸೇವೆ ಬಳಸುವವರಿಗೆ

ಪ್ರೋಟೀನಿನ ಆಕಾರವನ್ನು ಕ್ಷ-ಕಿರಣದಿಂದ ತಿಳಿಯಲು ಮೊದಲು ಅದನ್ನು ಹರಳುಗಟ್ಟಿಸಬೇಕು; ಯಾವ ದ್ರಾವಣದಲ್ಲಿ ಹರಳು ಬರುತ್ತದೆಂದು ಹುಡುಕಲು ನೂರಾರು ದ್ರಾವಣಗಳನ್ನು ಪರೀಕ್ಷಿಸಬೇಕು. 96 ಗುಳಿಗಳ ಒಂದು ಪ್ಲೇಟಿಗೆ ಕೈಯಲ್ಲೇ ಹನಿ ಇಡುತ್ತಾ ಹೋದರೆ, ಗುಳಿಗೆ 1 ಮೈಕ್ರೊಲೀಟರಿನಂತೆ 96 ಮೈಕ್ರೊಲೀಟರ್ ಪ್ರೋಟೀನ್ ಬೇಕು. ಮಾಸ್ಕಿಟೊದಂಥ ರೋಬೋ ಅದನ್ನೇ 100 ನ್ಯಾನೊಲೀಟರ್ ಹನಿಗಳಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಖರ್ಚು 9.6 ಮೈಕ್ರೊಲೀಟರ್. ತಳದಲ್ಲಿ, ಸೂಜಿಯ ತುದಿಯಲ್ಲಿ ಉಳಿದುಹೋಗುವುದನ್ನೂ ಸೇರಿಸಿ 15 ಎಂದು ಹಿಡಿಯಿರಿ. ಐದು ಪ್ಲೇಟಿಗೆ 75 ಮೈಕ್ರೊಲೀಟರ್. ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯಲ್ಲಿ ಅದು ಮುಕ್ಕಾಲು ಮಿಲಿಗ್ರಾಂ ಪ್ರೋಟೀನ್. ಅಷ್ಟರಲ್ಲೇ 480 ದ್ರಾವಣಗಳನ್ನು ಪರೀಕ್ಷಿಸಬಹುದು. ಸೇವೆಯ ದೊಡ್ಡ ಉಪಕಾರ ಇದು. ಹರಳು ಬರುತ್ತದೋ ಇಲ್ಲವೋ ಎಂಬುದು ಮಾತ್ರ ಬಹುಪಾಲು ಟ್ಯೂಬು ನಿಮ್ಮ ಕೈಲಿರುವಾಗಲೇ ತೀರ್ಮಾನವಾಗಿರುತ್ತದೆ.

ಹೆಚ್ಚಿನ ಕೇಂದ್ರಗಳು ಬಳಸುವುದು ಸಿಟ್ಟಿಂಗ್ ಡ್ರಾಪ್ ಎಂಬ ಆವಿ ವಿಸರಣೆಯ ವಿಧಾನ. ಮುಚ್ಚಿದ ಗುಳಿಯೊಳಗೆ ಪುಟ್ಟ ಬಟ್ಟಲಲ್ಲಿ ಹನಿ, ಪಕ್ಕದ ತೊಟ್ಟಿಯಲ್ಲಿ 50ರಿಂದ 80 ಮೈಕ್ರೊಲೀಟರ್ ದ್ರಾವಣ. ತೊಟ್ಟಿಯಲ್ಲಿ 20% ಪಿಇಜಿ 3350 (ಪ್ರೋಟೀನನ್ನು ದ್ರಾವಣದಿಂದ ಹೊರದೂಡುವ ಪಾಲಿಮರ್) ಇದೆ ಎಂದುಕೊಳ್ಳಿ. ಪ್ರೋಟೀನಿಗೆ ಅದನ್ನು ಸಮಸಮ ಬೆರೆಸಿದ ಕ್ಷಣ ಹನಿಯಲ್ಲಿ ಪಿಇಜಿ 10%ಕ್ಕೂ ಪ್ರೋಟೀನ್ 5 ಮಿಲಿಗ್ರಾಂಗೂ ಇಳಿಯುತ್ತವೆ. ಹನಿಯ ನೀರು ಆವಿಯಾಗಿ ತೊಟ್ಟಿ ಸೇರಿದಂತೆಲ್ಲ ಎರಡೂ ಮೆಲ್ಲಗೆ ಮೇಲೇರುತ್ತವೆ. ಕಲ್ಲುಸಕ್ಕರೆಯ ಪಾಕದ ಹಾಗೆ: ನಿಧಾನವಾದರೆ ದೊಡ್ಡ ಹರಳು, ಅವಸರವಾದರೆ ಪುಡಿ.

ಇಲ್ಲಿ ಅನೇಕರು ಎಡವುವುದು ಉಪ್ಪಿನ ವಿಷಯದಲ್ಲಿ. ಪ್ರೋಟೀನ್ ಕರಗಿರುವ ಬಫರಿನಲ್ಲಿ (ಪಿಎಚ್ ಕಾಯುವ ದ್ರಾವಣ) 500 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇದ್ದು, ತೊಟ್ಟಿಯಲ್ಲಿ ಬರೀ ಪಿಇಜಿ ಇದ್ದರೆ ನೀರಿನ ದಾರಿಯೇ ತಿರುಗುತ್ತದೆ. ಆವಿಯ ಒತ್ತಡವನ್ನು ಪಿಇಜಿಗಿಂತ ಉಪ್ಪು ಹೆಚ್ಚು ತಗ್ಗಿಸುವುದರಿಂದ ತೊಟ್ಟಿಯ ನೀರು ಹನಿಗೆ ಬರುತ್ತದೆ. ಹನಿ ಊದಿಕೊಂಡು ವಾರಗಟ್ಟಲೆ ತಿಳಿಯಾಗಿಯೇ ಉಳಿಯುತ್ತದೆ. ಅಷ್ಟು ಉಪ್ಪಿಲ್ಲದೆ ಪ್ರೋಟೀನ್ ಕರಗಿ ನಿಲ್ಲದು ಎಂದಾದರೆ ತೊಟ್ಟಿಗೂ ಉಪ್ಪು ಸೇರಿಸುವಂತೆ ಅರ್ಜಿಯಲ್ಲೇ ಬರೆಯಿರಿ. ಗ್ಲಿಸರಾಲ್ ಕೂಡ ನೀರನ್ನು ಹೀಗೇ ಹಿಡಿದಿಡುತ್ತದೆ. 5%ಕ್ಕಿಂತ ಕೆಳಗಿದ್ದರೆ ಒಳ್ಳೆಯದು.

ಬಫರ್ ತೆಳುವಾಗಿರಲಿ: 10ರಿಂದ 20 ಮಿಲಿಮೋಲಾರ್ ಹೆಪೆಸ್ ಅಥವಾ ಟ್ರಿಸ್, 100ರಿಂದ 150 ಮಿಲಿಮೋಲಾರ್ ಉಪ್ಪು. ಸ್ಕ್ರೀನಿನ, ಅಂದರೆ ಪರೀಕ್ಷೆಗೆ ಬಳಸುವ ದ್ರಾವಣಗಳ ಗುಂಪಿನ, ದ್ರಾವಣಗಳಲ್ಲಿ ಬಫರ್ ಸಾಮಾನ್ಯವಾಗಿ 100 ಮಿಲಿಮೋಲಾರ್ ಇರುತ್ತದೆ. ನಿಮ್ಮದು ತೆಳುವಾಗಿದ್ದರೆ ಹನಿಯ ಪಿಎಚ್ ಸ್ಕ್ರೀನಿನ ಮಾತು ಕೇಳುತ್ತದೆ. ಫಾಸ್ಫೇಟ್ ಬೇಡವೇ ಬೇಡ. ಸ್ಕ್ರೀನಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜಿಂಕ್ ಜತೆ ಸೇರಿ ಅದು ಚೆಂದದ ಹರಳು ಕೊಡುತ್ತದೆ, ಆದರೆ ಉಪ್ಪಿನ ಹರಳು. ಶುದ್ಧೀಕರಣದ ನಿಕಲ್ ಕಾಲಮ್ಮಿನಿಂದ ಪ್ರೋಟೀನನ್ನು ಬಿಡಿಸಲು ಹಾಕಿದ ಇಮಿಡಜೋಲ್ ಪೂರ್ತಿ ಹೋಗಿರಬೇಕು. ಸಿಸ್ಟೀನ್ ಇರುವ ಪ್ರೋಟೀನಿಗೆ, ಅದು ಉತ್ಕರ್ಷಿತವಾಗದಂತೆ, ಡಿಟಿಟಿ ಬದಲು 0.5ರಿಂದ 1 ಮಿಲಿಮೋಲಾರ್ ಟಿಸಿಇಪಿ ಹಾಕಿ. ಹನಿ ವಾರಗಟ್ಟಲೆ ಕೂರುತ್ತದೆ, ಡಿಟಿಟಿ ಅಷ್ಟು ಬಾಳುವುದಿಲ್ಲ.

ಶುದ್ಧಿಯೆಂದರೆ ಎಸ್‌ಡಿಎಸ್ ಜೆಲ್‌ನಲ್ಲಿ ಒಂದೇ ಪಟ್ಟಿ ಕಂಡರೆ ಮುಗಿಯಿತು ಎಂದಲ್ಲ. ಆ ಜೆಲ್ ಪ್ರೋಟೀನನ್ನು ಬಿಚ್ಚಿ ಓಡಿಸುತ್ತದೆ. ಮಡಿಚಿಕೊಂಡಿರುವಾಗ ಅದು ಒಂಟಿಯೋ, ಜೋಡಿಯೋ, ಗುಂಪುಗೂಡಿದೆಯೋ ಹೇಳುವುದಿಲ್ಲ. ಕೊನೆಯ ಹಂತ ಜೆಲ್ ಫಿಲ್ಟ್ರೇಶನ್ (ಗಾತ್ರದ ಮೇಲೆ ಬೇರ್ಪಡಿಸುವುದು) ಆಗಿರಲಿ. ಶಿಖರದ ನಡುವಿನ ಫ್ರ್ಯಾಕ್ಷನ್ನುಗಳನ್ನು ಮಾತ್ರ ತೆಗೆದುಕೊಳ್ಳಿ, ಇಳಿಜಾರಿನ ಆಸೆ ಬಿಡಿ. ಡೈನಮಿಕ್ ಲೈಟ್ ಸ್ಕ್ಯಾಟರಿಂಗ್‌ನಲ್ಲಿ ಪಾಲಿಡಿಸ್ಪರ್ಸಿಟಿ (ಕಣಗಳ ಗಾತ್ರದಲ್ಲಿನ ಹರವು) 20%ಕ್ಕಿಂತ ಕಡಿಮೆ ಬಂದರೆ ಮುಂದುವರಿಯಿರಿ. ಹೆಚ್ಚು ಬಂದರೆ ಥರ್ಮಲ್ ಶಿಫ್ಟ್ ಮಾಡಿಸಿ, ಯಾವ ಬಫರಿನಲ್ಲಿ, ಯಾವ ಲಿಗ್ಯಾಂಡ್ (ಪ್ರೋಟೀನಿಗೆ ಅಂಟುವ ಅಣು) ಜತೆ ಪ್ರೋಟೀನಿನ ಮಡಿಕೆ ಬಿಚ್ಚುವ ತಾಪಮಾನ ಏರುತ್ತದೆ ಎಂದು ಹುಡುಕುವುದು ಐದು ಪ್ಲೇಟ್ ಹಾಳುಮಾಡುವುದಕ್ಕಿಂತ ಅಗ್ಗ.

ಕಳಿಸುವಾಗ 50 ಮೈಕ್ರೊಲೀಟರಿನಂತೆ ತೆಳು ಗೋಡೆಯ ಪಿಸಿಆರ್ ಟ್ಯೂಬುಗಳಿಗೆ ಹಂಚಿ ದ್ರವ ಸಾರಜನಕದಲ್ಲಿ ಮುಳುಗಿಸಿ. ಡ್ರೈ ಐಸ್‌ನಲ್ಲಿ ಕಳಿಸುವುದಾದರೆ ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ. ಸಡಿಲ ಮುಚ್ಚಳದೊಳಗೆ ನುಸುಳುವ ಇಂಗಾಲದ ಡೈಆಕ್ಸೈಡ್ ತೆಳು ಬಫರನ್ನು ಆಮ್ಲೀಯಗೊಳಿಸುತ್ತದೆ. ಪೆಟ್ಟಿಗೆ ತೆರೆದಾಗ ಟ್ಯೂಬಿನ ತಳದಲ್ಲಿ ಬಿಳಿ ಗಸಿ ಕಾಣುವುದು ಎಷ್ಟೋ ಸಲ ಇದರಿಂದಲೇ. ಟ್ರಿಸ್ ಬಳಸಿದವರು ಇನ್ನೊಂದು ನೆನಪಿಡಿ: 25 ಡಿಗ್ರಿಯಲ್ಲಿ 8.0 ಇದ್ದ ಪಿಎಚ್ 4 ಡಿಗ್ರಿಯಲ್ಲಿ ಸುಮಾರು 8.6 ಆಗಿರುತ್ತದೆ. ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಪ್ಲೇಟಿಗೆ ಹಾಕುವ ಮುಂಚೆ 4 ಡಿಗ್ರಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಸಾಂದ್ರತೆಯನ್ನು ಅಳೆಯಬೇಕಾದದ್ದೂ ಇದಾದ ಮೇಲೆ.

ಇನ್ನು ಯಂತ್ರದ ತಪ್ಪುಗಳು. 200 ನ್ಯಾನೊಲೀಟರ್ ಹನಿ ತೆರೆದಿಟ್ಟರೆ ಕಣ್ಣೆದುರೇ ಒಣಗುತ್ತದೆ. ಹಾಗಾಗಿ ರೋಬೋ ಸುತ್ತ ತೇವಾಂಶದ ಪೆಟ್ಟಿಗೆ ಇರಬೇಕು. ಗಾಳಿ ಒಣಗಿದ್ದಾಗ ಸ್ಥಿರವಿದ್ಯುತ್ತು ಹನಿಯನ್ನು ಬಟ್ಟಲಿನ ಗೋಡೆಗೆ ಎಳೆದುಬಿಡುತ್ತದೆ. ಜೋಡಣೆ ಕೂದಲೆಳೆಯಷ್ಟು ತಪ್ಪಿದರೂ ಪ್ರೋಟೀನ್ ಹನಿ, ದ್ರಾವಣದ ಹನಿ ಬೆರೆಯದೆ ಅಕ್ಕಪಕ್ಕ ಕೂತಿರುತ್ತವೆ. ಇದು ಗೊತ್ತಾಗುವುದು ಮೊದಲ ದಿನದ ಚಿತ್ರದಿಂದ ಮಾತ್ರ. ಪ್ಲೇಟಿನ ಮೇಲಿನ ಅಂಟುಹಾಳೆಯನ್ನು ರೋಲರಿನಿಂದ ಅಂಚಿನವರೆಗೂ ಒತ್ತಿರದಿದ್ದರೆ ಮೂಲೆಯ ಗುಳಿಗಳು ಮೊದಲು ಒಣಗುತ್ತವೆ. ಎ ಸಾಲಿನಲ್ಲಿ, 12ನೇ ಕಂಬದಲ್ಲಿ ಮಾತ್ರ ಹರಳು ಬಂದಿದ್ದರೆ ಸಂಭ್ರಮಿಸುವ ಮೊದಲು ಹಾಳೆಯ ಅಂಚು ನೋಡಿ.

ಚಿತ್ರ ತೆಗೆಯುವ ಯಂತ್ರ 0, 1, 2, 4, 7, 14, 28ನೇ ದಿನ, ಹೀಗೆ ಅಂತರ ಹಿಗ್ಗಿಸುತ್ತಾ ಹೋಗುತ್ತದೆ. ಸೊನ್ನೆಯ ದಿನದ ಚಿತ್ರವನ್ನು ಯಾರೂ ತೆರೆಯುವುದಿಲ್ಲ, ತೆರೆಯಲೇಬೇಕು. ಆಗಲೇ ಇದ್ದ ನೂಲಿನ ಎಳೆಯನ್ನು ತಿಂಗಳ ನಂತರ ಸೂಜಿ ಹರಳೆಂದು ತಿಳಿಯುವುದು ತಪ್ಪುತ್ತದೆ. ಮಾರ್ಕೊ ಎಂಬ ಯಂತ್ರಕಲಿಕೆಯ ಮಾದರಿ 2018ರಲ್ಲಿ ಪ್ರಕಟವಾಯಿತು. ಸುಮಾರು ಐದು ಲಕ್ಷ ಚಿತ್ರಗಳಿಂದ ಕಲಿತ ಅದು ಹನಿಗಳನ್ನು ಹರಳು, ಗಸಿ, ತಿಳಿ, ಇತರೆ ಎಂದು ಸುಮಾರು 94% ಸರಿಯಾಗಿ ವಿಂಗಡಿಸಿತು. ದೊಡ್ಡ ನೆರವು. ಆದರೂ ನೂರರಲ್ಲಿ ಆರು ತಪ್ಪಬಹುದು, ನಿಮಗೆ ಬೇಕಾದ ಹನಿ ಆ ಆರರಲ್ಲಿ ಇರಬಹುದು. 480 ಚಿತ್ರಗಳನ್ನು ಕಣ್ಣಿನಿಂದ ನೋಡಲು ಅರ್ಧ ಗಂಟೆ ಸಾಕು.

ಹರಳಿಲ್ಲದ ಪ್ಲೇಟೂ ಮಾತಾಡುತ್ತದೆ. ಸುಮಾರು ಅರ್ಧದಷ್ಟು ಹನಿಗಳಲ್ಲಿ ಗಸಿ ಕಂಡರೆ ಸಾಂದ್ರತೆ ಸರಿಯಿದೆ. ಮುಕ್ಕಾಲು ಪಾಲು ಮೊದಲ ದಿನವೇ ಗಸಿಗಟ್ಟಿದರೆ ಸಾಂದ್ರತೆ ಅರ್ಧಕ್ಕಿಳಿಸಿ. ಮುಕ್ಕಾಲು ಪಾಲು ತಿಳಿಯಾಗಿದ್ದರೆ ಇಮ್ಮಡಿಗೊಳಿಸಿ. ಗಸಿಯ ಬಣ್ಣವನ್ನೂ ಗಮನಿಸಿ. ಕಂದು ತಿರುಗಿ ಚರ್ಮದಂತೆ ಕೂತದ್ದು ಕೆಟ್ಟ ಪ್ರೋಟೀನ್. ಬಿಳಿಯಾಗಿ, ಧ್ರುವೀಕೃತ ಬೆಳಕಿನಲ್ಲಿ ಮಿಣುಕುವ ಸಣ್ಣ ಕಣಗಳಾಗಿದ್ದರೆ ಅದು ಹೊಸ ಹರಳು ಬೆಳೆಸುವ ಬೀಜಕ್ಕೆ ಒದಗುತ್ತದೆ.

ಪ್ರೋಟೀನೋ ಉಪ್ಪೋ ತಿಳಿಯಲು ಯುವಿ ಚಿತ್ರ ಕೇಳಿ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇರುವ ಪ್ರೋಟೀನ್ ಹರಳು ಬೆಳಗುತ್ತದೆ, ಉಪ್ಪು ಕಪ್ಪಗಿರುತ್ತದೆ. ಟ್ರಿಪ್ಟೊಫಾನ್ ಇಲ್ಲದ್ದು, ಹೀಮ್ (ಕಬ್ಬಿಣವಿರುವ ಬಣ್ಣದ ಅಣು) ಇರುವುದು ಕಪ್ಪಾಗಿಯೇ ಕಂಡೀತು; ಅವನ್ನು ಎಸೆಯಬೇಡಿ. ಸೂಜಿಯಿಂದ ಒತ್ತಿದರೆ ಉಪ್ಪು ಟಿಕ್ ಎಂದು ಒಡೆಯುತ್ತದೆ, ಪ್ರೋಟೀನ್ ಹರಳು ಸದ್ದಿಲ್ಲದೆ ಪುಡಿಯಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ದ್ರಾವಣವೇ. ಕೊನೆಯ ತೀರ್ಪು ಕ್ಷ-ಕಿರಣದ್ದು.

ಸಣ್ಣ ಹರಳು ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನು ಮುಂದಿನ ಪ್ಲೇಟಿಗೆ ಹಾಕಿ. ತೊಟ್ಟಿಯ 50 ಮೈಕ್ರೊಲೀಟರ್ ದ್ರಾವಣದಲ್ಲಿ ಹರಳನ್ನು ಮಣಿಯೊಂದಿಗೆ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸಿ ಪುಡಿಗೊಳಿಸಿ, ಆ ಬೀಜದ್ರವವನ್ನು ಇಡೀ ಸ್ಕ್ರೀನಿಗೆ ಕೊಡುವುದು: ಪ್ರೋಟೀನ್ 3, ದ್ರಾವಣ 2, ಬೀಜ 1ರ ಪ್ರಮಾಣದಲ್ಲಿ. ಪಿಎಚ್, ಪಿಇಜಿಗಳನ್ನು ಚೂರುಚೂರು ಬದಲಿಸುತ್ತಾ ಕೂರುವುದಕ್ಕಿಂತ ಮೊದಲು ಇದನ್ನು ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಉಳಿದ ಬೀಜದ್ರವವನ್ನು -80 ಡಿಗ್ರಿಯಲ್ಲಿಡಿ.

ಹನಿಯಿಂದ ಹರಳನ್ನು ಎತ್ತುವ ಕೆಲಸವೂ ಈಗ ಯಂತ್ರಕ್ಕೆ ಬಂದಿದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಇಎಂಬಿಎಲ್ (ಯುರೋಪಿನ ಆಣ್ವಿಕ ಜೀವಶಾಸ್ತ್ರ ಪ್ರಯೋಗಾಲಯ) ರೂಪಿಸಿದ ಕ್ರಿಸ್ಟಲ್ ಡೈರೆಕ್ಟ್ ವ್ಯವಸ್ಥೆಯಲ್ಲಿ ಹನಿ ಕೂರುವುದು ತೆಳು ಫಿಲ್ಮಿನ ಮೇಲೆ. ಲೇಸರ್ ಹರಳಿನ ಸುತ್ತ ಫಿಲ್ಮನ್ನು ಕತ್ತರಿಸುತ್ತದೆ, ಹರಳು ಫಿಲ್ಮಿನ ಸಮೇತ ಪಿನ್ನಿಗೆ ಅಂಟಿ ತಣ್ಣನೆಯ ಸಾರಜನಕಕ್ಕೆ ಹೋಗುತ್ತದೆ. ಕುಣಿಕೆಯಿಂದ ಕೈಯಲ್ಲೇ ಎತ್ತುವವರು ಮೊದಲು ಹರಳನ್ನು 20ರಿಂದ 25% ಗ್ಲಿಸರಾಲ್ ಅಥವಾ ಇಥಿಲೀನ್ ಗ್ಲೈಕಾಲ್ ಬೆರೆಸಿದ ತೊಟ್ಟಿಯ ದ್ರಾವಣದಲ್ಲಿ ಅದ್ದಿ ತೆಗೆಯಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿಸಿದಾಗ ಮೂಡುವ ಮಂಜುಗಡ್ಡೆಯ ಉಂಗುರಗಳು ಕ್ಷ-ಕಿರಣದ ಚಿತ್ರ ಕೆಡಿಸುತ್ತವೆ. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ (ಪ್ರಖರ ಕ್ಷ-ಕಿರಣ ಕೊಡುವ ಯಂತ್ರ) ಪ್ರೋಟೀನ್ ಬೀಮ್‌ಲೈನಿಗೆ ಹೋಗಲಿ, ಹೊರದೇಶಕ್ಕೆ ಹೋಗಲಿ, ಪ್ರತಿ ಪಿನ್ನಿನ ಜತೆ ಪ್ಲೇಟಿನ ಬಾರ್‌ಕೋಡ್, ಗುಳಿ, ಹನಿಯ ಸಂಖ್ಯೆ, ಹರಳಿನ ವಯಸ್ಸು, ಅದ್ದಿದ ದ್ರಾವಣ ಇಷ್ಟನ್ನೂ ಬರೆದಿಡಿ. ಒಳ್ಳೆಯ ಡೇಟಾ ಕೊಟ್ಟ ಹರಳನ್ನು ಮತ್ತೆ ಬೆಳೆಸಬೇಕಾಗುವುದು ಖಂಡಿತ.