ಹೆಪ್ಪುಗಟ್ಟಿದ ಹಿಟ್ಟೂ ಉಬ್ಬುವುದೇಕೆ?

ಬಿಡುವಿದ್ದ ದಿನ ಮೈದಾ ಹಿಟ್ಟನ್ನು ಯೀಸ್ಟ್ ಬೆರೆಸಿ ನಾದಿ, ಉಂಡೆ ಕಟ್ಟಿ ಫ್ರೀಜರಿನಲ್ಲಿಟ್ಟು, ಬೇಕೆನಿಸಿದ ಸಂಜೆ ಡಿನ್ನರ್ ರೋಲ್ ಎಂಬ ಪುಟ್ಟ ಬನ್ನುಗಳನ್ನು ಮಾಡಿಕೊಳ್ಳಬಹುದು ಎಂದರೆ ನಮ್ಮ ಮೈಸೂರಿನ ಮನೆಗಳಲ್ಲಿ ಎರಡು ಆಕ್ಷೇಪಗಳು ಒಟ್ಟಿಗೇ ಏಳುತ್ತವೆ. ಅದು ತಂಗಳು ಹಿಟ್ಟು ಎಂಬುದು ಒಂದು. ಅಷ್ಟು ಚಳಿಯಲ್ಲಿ ಯೀಸ್ಟ್ ಸತ್ತೇ ಹೋಗಿರುತ್ತದೆ ಎಂಬುದು ಇನ್ನೊಂದು. ಸೂಕ್ಷ್ಮಜೀವಿಗಳೆಲ್ಲ ಸತ್ತಿದ್ದರೆ ಹಿಟ್ಟನ್ನು ಹಳಸುವಂತೆ ಮಾಡುವವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಮೊನ್ನೆ ರುಬ್ಬಿದ ದೋಸೆ ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಕಾವಲಿಗೆ ಹುಯ್ಯುವವರೇ ಹೀಗೆ ಹೇಳುತ್ತಾರೆ ಎಂಬುದು ಬೇರೆ ಮಾತು.

ವಾಸ್ತವದಲ್ಲಿ ಯೀಸ್ಟಿಗೆ ಚಳಿಗಿಂತ ಮಂಜುಗಡ್ಡೆ ದೊಡ್ಡ ಶತ್ರು. ಹಿಟ್ಟಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಮೊದಲು ಗಟ್ಟಿಯಾಗುವುದು ಯೀಸ್ಟ್ ಕೋಶಗಳ ಹೊರಗಿರುವ ನೀರು. ಮಂಜಿನ ಹರಳು ಶುದ್ಧ ನೀರನ್ನಷ್ಟೇ ಸೇರಿಸಿಕೊಳ್ಳುವುದರಿಂದ ಉಪ್ಪು, ಸಕ್ಕರೆಗಳು ಉಳಿದ ದ್ರವದಲ್ಲಿ ಸಾಂದ್ರವಾಗುತ್ತಾ ಹೋಗುತ್ತವೆ. ಉಪ್ಪು ಬೆರೆಸಿದ ಮಾವಿನಕಾಯಿ ಹೋಳುಗಳು ಭರಣಿಯಲ್ಲಿ ನೀರು ಬಿಡುವಂತೆಯೇ ಆಗ ಕೋಶದೊಳಗಿನ ನೀರೂ ಹೊರಗೆ ಹರಿದು, ಕೋಶ ಸುಕ್ಕುಗಟ್ಟುತ್ತದೆ. ತಂಪಾಗುವಿಕೆ ತೀರಾ ನಿಧಾನವಾದರೆ ಕೋಶವು ಸಾಂದ್ರ ದ್ರಾವಣದಲ್ಲಿ ಬಹಳ ಹೊತ್ತು ಒಣಗಿ ನರಳುತ್ತದೆ; ತೀರಾ ವೇಗವಾದರೆ ನೀರಿಗೆ ಹೊರಬರಲು ಸಮಯ ಸಾಲದೆ ಕೋಶದ ಒಳಗೇ ಹರಳುಗಟ್ಟಿ ಪೊರೆ ಹರಿಯುತ್ತದೆ. ಇವೆರಡರ ನಡುವೆ ಬದುಕುಳಿಯುವ ವೇಗವೊಂದಿದೆ. ಹೀಗೆ ನೀರು ಹೊರಹೋಗುವ ವೇಗವನ್ನು ಅಮೆರಿಕದ ಜೀವವಿಜ್ಞಾನಿ ಪೀಟರ್ ಮಜೂರ್ 1963ರಲ್ಲಿ ಗಣಿತದ ಸಮೀಕರಣಗಳಲ್ಲಿ ಹಿಡಿದಿಟ್ಟರು. ಯೀಸ್ಟ್ ಅವರ ಅಧ್ಯಯನದ ಮುಖ್ಯ ಜೀವಿಗಳಲ್ಲೊಂದು. 1972ರಲ್ಲಿ ಅವರೂ ಸಹೋದ್ಯೋಗಿಗಳೂ ಇದೇ ತಿಳಿವಳಿಕೆಯಿಂದ ಇಲಿಯ ಭ್ರೂಣಗಳನ್ನು ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ, ಜೀವಂತ ಮರಿಗಳನ್ನು ಪಡೆದರು.

ಯೀಸ್ಟಿಗೆ ತನ್ನದೇ ರಕ್ಷಣೆಯೂ ಉಂಟು. ಅದು ಕೂಡಿಟ್ಟುಕೊಳ್ಳುವ ಟ್ರೆಹಲೋಸ್ ಎಂಬ ಸಕ್ಕರೆ, ನೀರು ಕಡಿಮೆಯಾದಾಗ ಪೊರೆಯನ್ನೂ ಪ್ರೋಟೀನುಗಳನ್ನೂ ಕಾಪಾಡುತ್ತದೆ. ಆದರೆ ಹುದುಗುವಿಕೆ ಆರಂಭವಾದೊಡನೆ ಯೀಸ್ಟ್ ಈ ದಾಸ್ತಾನನ್ನು ಬೇಗನೆ ಕರಗಿಸಿಬಿಡುತ್ತದೆ. ಆದ್ದರಿಂದ ಹಿಟ್ಟನ್ನು ತಣ್ಣೀರಿನಲ್ಲಿ ನಾದಿ, ಅದು ಉಬ್ಬಲು ತೊಡಗುವ ಮೊದಲೇ ಫ್ರೀಜರಿಗೆ ಸೇರಿಸಬೇಕು. ನಲವತ್ತೈವತ್ತು ಗ್ರಾಮಿನ ಉಂಡೆಗಳನ್ನು ಸ್ಟೀಲ್ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಕೆಲಸ ಮುಗಿಯಿತು. ಒಂದಷ್ಟು ಕೋಶಗಳು ಸಾಯುವುದು ಖಂಡಿತವಾದ್ದರಿಂದ ಯೀಸ್ಟ್ ತುಸು ಹೆಚ್ಚಿರಲಿ. ಸತ್ತ ಕೋಶಗಳಿಂದ ಸೋರುವ ಗ್ಲುಟಾಥಯೋನ್ ಎಂಬ ರಾಸಾಯನಿಕ, ಹಿಟ್ಟಿಗೆ ಬಿಗಿ ಕೊಡುವ ಗ್ಲುಟನ್ ಎಂಬ ಪ್ರೋಟೀನ್ ಜಾಲದ ಗಂಧಕದ ಬಂಧಗಳನ್ನು ಬಿಡಿಸಿ ಹಿಟ್ಟನ್ನು ಸಡಿಲಗೊಳಿಸುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಹಿಟ್ಟು ಅರೆ ಕರಗಿ ಮತ್ತೆ ಗಟ್ಟಿಯಾದಾಗ ಸಣ್ಣ ಹರಳುಗಳು ಕೂಡಿ ದೊಡ್ಡವಾಗುವುದರಿಂದ ಹಾನಿ ಇನ್ನೂ ಹೆಚ್ಚು. ತಿಂಗಳೊಳಗೆ ಬಳಸುವುದು ಒಳ್ಳೆಯದು.

ರೋಲ್ ಮಾಡುವ ಹಿಂದಿನ ರಾತ್ರಿ, ಎಣ್ಣೆ ಸವರಿದ ತಟ್ಟೆಯಲ್ಲಿ ಉಂಡೆಗಳನ್ನು ಬೆರಳಗಲದ ಅಂತರದಲ್ಲಿಟ್ಟು, ಮುಚ್ಚಿ, ಫ್ರಿಜ್ಜಿನ ಕೆಳ ಅಂಕಣಕ್ಕೆ ವರ್ಗಾಯಿಸಬೇಕು. ಮರುದಿನ ಹೊರಗೆ ತೆಗೆದಿಟ್ಟು, ಉಂಡೆಗಳು ಇಮ್ಮಡಿಯಾಗಿ ಒಂದಕ್ಕೊಂದು ತಾಗುವವರೆಗೆ ಕಾಯಬೇಕು. ಮಂಡ್ಯದ ಏಪ್ರಿಲ್ ಸೆಕೆಯಲ್ಲಿ ಬೇಗ ಆಗುವ ಈ ಕೆಲಸ ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಬಹಳ ತಡವಾಗುತ್ತದೆ. ಹೀಗಾಗಿ ಗಡಿಯಾರ ನೋಡುವುದು ವ್ಯರ್ಥ. ಬೆರಳಿನಿಂದ ಮೆಲ್ಲನೆ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟು ಮೇಲೆದ್ದರೆ ಹಿಟ್ಟು ಸಿದ್ಧ; ತಟ್ಟನೆ ಪುಟಿದರೆ ಇನ್ನೂ ಕಾಯಬೇಕು. ಮೇಲೆ ಹಾಲು ಸವರಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದಿಪ್ಪತ್ತು ನಿಮಿಷ ಬೇಯಿಸಿದರೆ, ಹಿಟ್ಟಿನ ಒಳಗಿನ ಬಿಸಿ ಸುಮಾರು 60 ಡಿಗ್ರಿಗೆ ಏರುವ ಹೊತ್ತಿಗೆ ಯೀಸ್ಟ್ ನಿಜಕ್ಕೂ ಸಾಯುತ್ತದೆ.

ಉಳಿದ ರೋಲ್‌ಗಳನ್ನು ಮಾತ್ರ ಫ್ರಿಜ್ಜಿನಲ್ಲಿಡಬಾರದು. ಸೊನ್ನೆಗಿಂತ ತುಸು ಮೇಲಿನ ಉಷ್ಣತೆಯಲ್ಲಿ ಪಿಷ್ಟದ ಅಣುಗಳು ಬೇಗ ಮರುಜೋಡಣೆಯಾಗಿ ಬ್ರೆಡ್ ಬಿರುಸಾಗುತ್ತದೆ. ಮರುದಿನಕ್ಕಾದರೆ ಮುಚ್ಚಿದ ಡಬ್ಬಿ ಸಾಕು, ಮುಂದಿನ ವಾರಕ್ಕಾದರೆ ಫ್ರೀಜರೇ ಸರಿ.