ಟ್ಯಾಂಗೋದಲ್ಲಿ ಇಬ್ಬರೂ ಗಂಡಸರಾದರೆ ಮುನ್ನಡೆಸುವವರು ಯಾರು?

ಪ್ರಶ್ನೆ: ಅರ್ಜೆಂಟೀನಾದ ಜೋಡಿ ನೃತ್ಯವಾದ ಟ್ಯಾಂಗೋವನ್ನು ಲಿಂಗದ ಕಟ್ಟುಪಾಡಿಲ್ಲದೆ ಕುಣಿಯುವ ಕ್ವಿಯರ್ ಟ್ಯಾಂಗೋದಲ್ಲಿ ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಜೋಡಿಯಾದಾಗ ಮುನ್ನಡೆಸುವವರು ಯಾರು?

ಉತ್ತರ: ಇಬ್ಬರಲ್ಲಿ ಯಾರು ಬೇಕಾದರೂ. ಒಂದೇ ಹಾಡಿನ ನಡುವೆ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳಲೂಬಹುದು. ಇಷ್ಟು ಹೇಳಿದ ಮೇಲೂ ಇದೇ ಪ್ರಶ್ನೆ ಮರಳಿ ಬರುತ್ತಿರುವುದಕ್ಕೆ ಕಾರಣ, ಮುನ್ನಡೆಸುವವರು ಅಪ್ಪಣೆ ಕೊಡುತ್ತಾರೆ, ಹಿಂಬಾಲಿಸುವವರು ಪಾಲಿಸುತ್ತಾರೆ, ಹಾಗಾಗಿ ಮೊದಲನೆಯದು ಗಂಡಸಿನ ಕೆಲಸ ಎಂಬ ಬೇರೂರಿದ ನಂಬಿಕೆ.

ಒಂದೇ ಒಂದು ಹೆಜ್ಜೆಯನ್ನು ಗಮನವಿಟ್ಟು ನೋಡಿದರೂ ಈ ನಂಬಿಕೆ ಕುಸಿಯುತ್ತದೆ. ಮುನ್ನಡೆಸುವವರು ಎದೆಯ ಚಲನೆಯಿಂದ ದಿಕ್ಕನ್ನು ಸೂಚಿಸುತ್ತಾರೆ. ಹೆಜ್ಜೆಯ ಉದ್ದವನ್ನೂ ಭಾರ ಕಾಲಿಗಿಳಿಯುವ ಕ್ಷಣವನ್ನೂ ಪೂರ್ಣಗೊಳಿಸುವವರು ಹಿಂಬಾಲಿಸುವವರೇ, ಮತ್ತು ಆ ಭಾರ ಇಳಿಯುವವರೆಗೆ ಮುಂದಿನ ಸೂಚನೆ ಕೊಡುವಂತಿಲ್ಲ. 'ಪರಾದಾ' ಎಂಬ ನಿಲುಗಡೆಯ ಹೆಜ್ಜೆಯಲ್ಲಿ ಮುನ್ನಡೆಸುವವರ ಪಾದ ಅಡ್ಡ ನಿಂತಾಗ, ಅದನ್ನು ನಿಧಾನವಾಗಿ ದಾಟಬೇಕೋ, ದಾಟುವ ಮೊದಲು ಕಾಲಿನಿಂದ ಒಂದು ಅಲಂಕಾರವನ್ನು ಸೇರಿಸಬೇಕೋ ಎಂಬುದನ್ನು ಹಿಂಬಾಲಿಸುವವರು ನಿರ್ಧರಿಸುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. ಎಳೆದು ತಳ್ಳಿ ಕುಣಿಸುವವರನ್ನು ಯಾವ ಒಳ್ಳೆಯ ಶಿಕ್ಷಕರೂ ಸಮರ್ಥ ನರ್ತಕರೆಂದು ಒಪ್ಪುವುದಿಲ್ಲ.

ಇತಿಹಾಸವೂ ಈ ನಂಬಿಕೆಯ ಪರವಾಗಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ, ಯುರೋಪಿನಿಂದ ವಲಸೆ ಬಂದ ಗಂಡಸರೇ ತುಂಬಿದ್ದ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ, ಗಂಡಸರು ಗಂಡಸರೊಂದಿಗೇ ಅಭ್ಯಾಸ ಮಾಡುತ್ತಿದ್ದರು. ಹೊಸಬರು ಹಿಂಬಾಲಿಸುವುದನ್ನು ಕಲಿತ ಮೇಲೆಯೇ ಮುನ್ನಡೆಸಲು ತೊಡಗುವುದು ರೂಢಿಯಾಗಿತ್ತು. ಅವರೆಲ್ಲ ಸಲಿಂಗಪ್ರೇಮಿಗಳಾಗಿದ್ದರು ಎಂದು ಇದರಿಂದ ತೀರ್ಮಾನಿಸಬಾರದು. ಆದರೆ ಹಿಂಬಾಲಿಸುವ ವಿದ್ಯೆ ಗಂಡಸರಿಗೂ ಸೇರಿತ್ತು ಎಂಬುದು ಸ್ಪಷ್ಟ. 2001ರಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಕ್ವಿಯರ್ ಟ್ಯಾಂಗೋ ಉತ್ಸವವೂ, ಟ್ಯಾಂಗೋ ಶಿಕ್ಷಕಿ ಮರಿಯಾನಾ ದೊಕಾಂಪೊ ಅವರು 2005ರಿಂದ ಬ್ಯೂನಸ್ ಐರಿಸ್‌ನ ಸಾನ್ ತೆಲ್ಮೊ ಬಡಾವಣೆಯಲ್ಲಿ ನಡೆಸಿದ ನೃತ್ಯಕೂಟವೂ ಪಾತ್ರವನ್ನು ಲಿಂಗದಿಂದ ಬಿಡಿಸಿ, ಎರಡನ್ನೂ ಎಲ್ಲರಿಗೂ ತೆರೆದಿಟ್ಟವು. ಹೆಣ್ಣು ಗಂಡಿನ ಜೋಡಿಗೂ ಅಲ್ಲಿ ಇದೇ ನಿಯಮ.

ಹಾಡಿನ ನಡುವೆ ಪಾತ್ರ ಬದಲಾಗುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನನಗಾದರೋ ಅದೇ ಹೆಚ್ಚು ಸ್ವಾರಸ್ಯದ ಪ್ರಶ್ನೆ. ನರ್ತಕರೆಲ್ಲ ನೃತ್ಯಾಂಗಣದ ಸುತ್ತ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸಾಗುವಾಗ ಮುನ್ನಡೆಸುವವರ ಮುಖ ಸಾಮಾನ್ಯವಾಗಿ ಮುಂದಕ್ಕೂ ಹಿಂಬಾಲಿಸುವವರ ಬೆನ್ನು ಆ ಕಡೆಗೂ ಇರುತ್ತದೆ. ಹಾಗಾಗಿ ಕೈಗಳ ಹಿಡಿತವನ್ನು ಬದಲಿಸಿದರೆ ಸಾಲದು, ಜೋಡಿ ಅರ್ಧ ಸುತ್ತು ತಿರುಗಿ ಹೊಸದಾಗಿ ಮುನ್ನಡೆಸುವವರ ಕಣ್ಣಿಗೆ ದಾರಿ ಕಾಣುವಂತೆ ಮಾಡಿಕೊಳ್ಳಬೇಕು. ಸಂಗೀತದ ಒಂದು ಸಾಲು ಮುಗಿದು ಇನ್ನೊಂದು ತೊಡಗುವ ಬಿಡುವು ಇದಕ್ಕೆ ಅನುಕೂಲ. ಹಿಂದೆ ಬರುವ ಜೋಡಿಗಳೂ ಆಗ ನಿಂತು ಕಾಯಬೇಕಾಗುವುದಿಲ್ಲ.